ಓದುಗರ ಪ್ರಶ್ನೆ: ಪ್ಯಾರಾದಲ್ಲಿ ಮುಖ್ಯ ಮಾತು ಯಾವುದು?

ಈ ತಿಂಗಳು ಬಂದ ಪತ್ರಗಳಲ್ಲಿ ಐದು ಪತ್ರಗಳು ಸುತ್ತಿ ಬಳಸಿ ಒಂದನ್ನೇ ಕೇಳಿವೆ. ಒಂದು ಪ್ಯಾರಾ ಕೊಟ್ಟರೆ, ಅದರಲ್ಲಿ ಬರೆದವರ ಮುಖ್ಯ ವಾದ ಯಾವ ವಾಕ್ಯದಲ್ಲಿದೆ ಅಂತ ಪತ್ತೆ ಮಾಡುವುದು ಹೇಗೆ? ಇಂಗ್ಲಿಷ್ ಮೇಷ್ಟ್ರುಗಳು ಥೀಸಿಸ್ ಸ್ಟೇಟ್‌ಮೆಂಟ್ ಅನ್ನುತ್ತಾರಲ್ಲ, ಅದು. ಕನ್ನಡದಲ್ಲಿ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ನಾನು ಸುಮ್ನೆ ‘ಮುಖ್ಯ ವಾಕ್ಯ’ ಅಂತ ಬರೆಯುತ್ತೇನೆ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಈ ಸಲ ಪೂರ್ತಿ ಜಾಗ ಇದಕ್ಕೇ ಕೊಟ್ಟಿದ್ದೇನೆ. ಬಹಳ ವರ್ಷ ಕನ್ನಡ ಪಾಠ ಮಾಡಿದವಳು ನಾನು. ಮಕ್ಕಳು ಪಾಠ ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು, ಆದರೆ ‘ಇವರು ಏನು ಹೇಳ್ತಾ ಇದಾರೆ?’ ಅಂತ ಕೇಳಿದರೆ ತಲೆ ತಗ್ಗಿಸುತ್ತಿದ್ದರು. ಆ ತಗ್ಗಿದ ತಲೆಗಳು ಇನ್ನೂ ಕಣ್ಣ ಮುಂದಿವೆ. ಅದಕ್ಕೇ ಉತ್ತರಗಳು ಸ್ವಲ್ಪ ಉದ್ದವಾಗಿವೆ.

ಪ್ರಶ್ನೆ: ಮೇಡಂ, ಧಾರವಾಡದಲ್ಲಿ ರೂಮು ಮಾಡಿಕೊಂಡು ಯುಪಿಎಸ್‌ಸಿಗೆ ಓದುತ್ತಿದ್ದೇನೆ. ಪ್ರಿಲಿಮ್ಸ್‌ನ ಎರಡನೇ ಪತ್ರಿಕೆ ಸಿಸ್ಯಾಟ್‌ನಲ್ಲಿ ಪ್ಯಾಸೇಜ್ ಪ್ರಶ್ನೆಗಳೇ ನನಗೆ ಕೈಕೊಡುತ್ತಿವೆ. ಮುಖ್ಯ ವಾಕ್ಯ ಮೊದಲ ಸಾಲಿನಲ್ಲಿರುತ್ತದೆ, ಅಲ್ಲಿಲ್ಲದಿದ್ದರೆ ಕೊನೆಯ ಸಾಲಿನಲ್ಲಿ ಅಂತ ಹೇಳಿಕೊಟ್ಟಿದ್ದಾರೆ. ಹಾಗೇ ಮಾಡುತ್ತೇನೆ, ಹಾಗೇ ತಪ್ಪುತ್ತೇನೆ. ಕನ್ನಡ ಮೀಡಿಯಂನಲ್ಲಿ ಓದಿದ್ದಕ್ಕೆ ಹೀಗಾಗುತ್ತಿದೆಯಾ?

ಉತ್ತರ: ಕನ್ನಡ ಮೀಡಿಯಂ ಮೇಲೆ ತಪ್ಪು ಹೊರಿಸಬೇಡಿ. ತಪ್ಪಿರುವುದು ನಿಮಗೆ ಹೇಳಿಕೊಟ್ಟ ಸೂತ್ರದಲ್ಲಿ. ಮುಖ್ಯ ವಾಕ್ಯಕ್ಕೆ ಇಂಥದ್ದೇ ಜಾಗ ಅಂತ ಇಲ್ಲ. ಅದಕ್ಕೆ ಒಂದು ಕೆಲಸ ಇದೆ, ಆ ಕೆಲಸ ನೋಡಿ ಗುರುತು ಹಿಡಿಯಬೇಕು. ಮದುವೆ ಮನೆಯಲ್ಲಿ ಯಜಮಾನ ಯಾರು ಅಂತ ಹೇಗೆ ತಿಳಿಯುತ್ತೇವೆ? ಬಾಗಿಲಲ್ಲಿ ನಿಂತವರನ್ನು ನೋಡಿ ಅಲ್ಲ. ಅಡುಗೆಯವರು, ಶಾಮಿಯಾನದವರು, ವಾಲಗದವರು ಎಲ್ಲರೂ ಯಾರ ಹತ್ತಿರ ಬಂದು ಕೇಳಿ ಹೋಗುತ್ತಾರೋ ಅವರೇ ಯಜಮಾನರು. ಪ್ಯಾರಾದಲ್ಲೂ ಅಷ್ಟೆ. ಉಳಿದ ವಾಕ್ಯಗಳು ಯಾವ ವಾಕ್ಯಕ್ಕಾಗಿ ದುಡಿಯುತ್ತಿವೆ ಅಂತ ನೋಡಿ.

ಒಂದು ಪ್ಯಾರಾ ಇಟ್ಟುಕೊಂಡೇ ನೋಡೋಣ. ಇದು ನಾನೇ ಬರೆದದ್ದು:

‘ಶಿವನಸಮುದ್ರದಲ್ಲಿ ಕಾವೇರಿ ಗಗನಚುಕ್ಕಿ, ಭರಚುಕ್ಕಿ ಎಂದು ಎರಡಾಗಿ ಧುಮುಕುತ್ತದೆ. 1902ರಲ್ಲಿ ಇಲ್ಲಿಂದ ವಿದ್ಯುತ್ ಹರಿಯಲು ಶುರುವಾಯಿತು. ದೇಶದ ಬಹಳ ಹಳೆಯ ಜಲವಿದ್ಯುತ್ ಕೇಂದ್ರಗಳಲ್ಲಿ ಇದೂ ಒಂದು ಎಂದು ನಾವೆಲ್ಲ ಹೆಮ್ಮೆಪಡುತ್ತೇವೆ. ಹೆಮ್ಮೆಪಡಬೇಕಾದದ್ದೇ. ಆದರೆ ಆ ಕರೆಂಟು ಹುಟ್ಟಿದ್ದು ಜನರ ಮನೆ ಬೆಳಗಲಿಕ್ಕಲ್ಲ, ಚಿನ್ನದ ಗಣಿ ನಡೆಸಲಿಕ್ಕೆ. ಮೊದಲ ತಂತಿ ಹೋದದ್ದು ಸುಮಾರು 147 ಕಿ.ಮೀ. ದೂರದ ಕೋಲಾರದ ಗಣಿಗೆ. ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಹತ್ತಿದ್ದು ಮೂರು ವರ್ಷದ ನಂತರ, 1905ರಲ್ಲಿ. ಹಳ್ಳಿಗಳ ಮನೆಗಳಲ್ಲಿ ಇನ್ನೂ ಬಹಳ ಕಾಲ ಬುಡ್ಡಿ ದೀಪವೇ ಉರಿಯುತ್ತಿತ್ತು.’

ಎಂಟು ವಾಕ್ಯ ಇವೆ. ನಿಮ್ಮ ಸೂತ್ರದ ಪ್ರಕಾರ ಹೋದರೆ ಮೊದಲನೆಯದು, ಇಲ್ಲವೇ ಎಂಟನೆಯದು. ಈಗ ಹೀಗೆ ಮಾಡಿ. ಒಂದೊಂದು ವಾಕ್ಯದ ಮುಂದೆಯೂ ನಿಂತು ‘ಯಾಕೆ ಹಾಗೆ ಹೇಳ್ತೀರಿ?’ ಅಂತ ಕೇಳಿ. ಆಮೇಲೆ ಉಳಿದ ವಾಕ್ಯಗಳು ಆ ಪ್ರಶ್ನೆಗೆ ಉತ್ತರ ಕೊಡುತ್ತವಾ ನೋಡಿ. ಕಾವೇರಿ ಎರಡಾಗಿ ಧುಮುಕುತ್ತದೆ. ಯಾಕೆ ಹಾಗೆ ಹೇಳ್ತೀರಿ? ಉಳಿದ ಏಳು ವಾಕ್ಯಗಳಲ್ಲಿ ಒಂದೂ ಇದಕ್ಕೆ ಉತ್ತರ ಕೊಡುವುದಿಲ್ಲ. ಅದು ಜಾಗ ತೋರಿಸಲು ಬಂದ ವಾಕ್ಯ, ಅಷ್ಟೆ. ಎಂಟನೆಯದಕ್ಕೆ ಬನ್ನಿ. ಹಳ್ಳಿಯಲ್ಲಿ ಬುಡ್ಡಿ ದೀಪ ಉರಿಯುತ್ತಿತ್ತು. ಯಾಕೆ ಹಾಗೆ ಹೇಳ್ತೀರಿ? ಇದಕ್ಕೂ ಆಧಾರ ಕೊಡುವವರು ಯಾರೂ ಇಲ್ಲ. ಈಗ ಐದನೆಯದು. ಕರೆಂಟು ಹುಟ್ಟಿದ್ದು ಗಣಿಗಾಗಿ. ಯಾಕೆ ಹಾಗೆ ಹೇಳ್ತೀರಿ? ಯಾಕೆಂದರೆ ಮೊದಲ ತಂತಿ ಗಣಿಗೆ ಹೋಯಿತು, ರಾಜಧಾನಿಯಂಥ ಊರಿಗೇ ಮೂರು ವರ್ಷ ತಡವಾಯಿತು, ಹಳ್ಳಿಯಂತೂ ಕತ್ತಲಲ್ಲೇ ಉಳಿಯಿತು. ಆರು, ಏಳು, ಎಂಟು ಮೂರೂ ಐದರ ಕೆಲಸಕ್ಕೆ ನಿಂತಿವೆ. ಹಾಗಾದರೆ ಐದೇ ಮುಖ್ಯ ವಾಕ್ಯ, ಅಲ್ವಾ?

ಮೂರು ಮತ್ತು ನಾಲ್ಕನೆಯ ವಾಕ್ಯಗಳ ಹತ್ತಿರ ಇನ್ನೂ ಸ್ವಲ್ಪ ಹೊತ್ತು ನಿಲ್ಲಿ. ಪರೀಕ್ಷೆಯಲ್ಲಿ ಜಾಸ್ತಿ ಜನ ಬೀಳುವುದು ಇಲ್ಲೇ. ಬರೆದವರು ‘ಹೆಮ್ಮೆಪಡಬೇಕಾದದ್ದೇ’ ಅನ್ನುತ್ತಾರೆ. ಅವರೇ ಒಪ್ಪಿದ ಮೇಲೆ ಅದೇ ಅವರ ಮಾತು ಅಂತ ನಮಗೆ ಅನಿಸಿಬಿಡುತ್ತದೆ. ಆದರೆ ಕನ್ನಡದಲ್ಲಿ ವಾದ ಮಾಡುವವರ ರೂಢಿ ನೋಡಿ. ಎದುರಿನವರ ಮಾತನ್ನು ಮೊದಲು ಒಪ್ಪಿಕೊಂಡು, ಅವರನ್ನು ಕೂರಿಸಿ, ನೀರು ಕೊಟ್ಟು, ಆಮೇಲೆ ತಮ್ಮ ಮಾತು ಹೇಳುತ್ತಾರೆ. ‘ನಿಜ’, ‘ಹೌದು’, ‘ಒಪ್ಪಬೇಕಾದದ್ದೇ’, ‘ಇಲ್ಲವೆಂದಲ್ಲ’ ಇಂಥ ಮಾತು ಕಂಡರೆ ಪೆನ್ನು ಎತ್ತಬೇಡಿ, ಕಾಯಿರಿ. ಹಿಂದೆಯೇ ಒಂದು ‘ಆದರೆ’ ಬರುತ್ತಿರುತ್ತದೆ. ‘ಎನ್ನುತ್ತಾರೆ’, ‘ಎಂಬ ನಂಬಿಕೆಯಿದೆ’, ‘ಎಂದು ಹೇಳಲಾಗುತ್ತದೆ’ ಅಂತ ಮುಗಿಯುವ ವಾಕ್ಯಗಳೂ ಹೀಗೇ. ಅವು ಬೇರೆಯವರ ಬಾಯಿಂದ ಬಂದ ಮಾತು. ಬರೆದವರು ಅದನ್ನು ಒಪ್ಪುತ್ತಾರೋ ಇಲ್ಲವೋ ಅಂತ ಮುಂದೆ ಓದಿದ ಮೇಲೆಯೇ ತಿಳಿಯುತ್ತದೆ.

ಹಾಗಂತ ‘ಆದರೆ’ ಕಂಡಲ್ಲೆಲ್ಲ ಗೆರೆ ಎಳೆಯುವುದೂ ಬೇಡ. ಒಂದು ಪ್ಯಾರಾದಲ್ಲಿ ಮೂರು ‘ಆದರೆ’ ಇರಬಹುದು, ಅದರಲ್ಲಿ ಎರಡು ಸಣ್ಣಪುಟ್ಟ ತಿದ್ದುಪಡಿ ಆಗಿರಬಹುದು. ಇಡೀ ಪ್ಯಾರಾ ಯಾವ ‘ಆದರೆ’ಯ ಹತ್ತಿರ ದಾರಿ ಬದಲಿಸುತ್ತದೋ ಅದು ಮುಖ್ಯ. ‘ಉದಾಹರಣೆಗೆ’, ‘ಯಾಕೆಂದರೆ’ ಬಂದರೆ ಮುಂದಿನದು ಆಧಾರ, ಹಾಗಾಗಿ ಒಂದು ವಾಕ್ಯ ಹಿಂದಕ್ಕೆ ಹೋಗಿ ನೋಡಿ. ‘ಹಾಗಾಗಿ’, ‘ಆದ್ದರಿಂದ’ ಬಂದರೆ ಮುಂದಕ್ಕೆ ನೋಡಿ.

ಇನ್ನೊಂದು ಗುರುತು ಇದೆ, ಇದು ನಮ್ಮ ಭಾಷೆಯದ್ದೇ. ‘ಆ ಕರೆಂಟು ಗಣಿ ನಡೆಸಲಿಕ್ಕೆ ಹುಟ್ಟಿತು’ ಅಂತ ಬರೆಯಬಹುದಿತ್ತು. ನಾನು ‘ಆ ಕರೆಂಟು ಹುಟ್ಟಿದ್ದು ಗಣಿ ನಡೆಸಲಿಕ್ಕೆ’ ಅಂತ ತಿರುಗಿಸಿದ್ದೇನೆ. ಎರಡನ್ನೂ ಜೋರಾಗಿ ಓದಿ ನೋಡಿ. ಕ್ರಿಯಾಪದವನ್ನು ‘ಹುಟ್ಟಿದ್ದು, ಹೋದದ್ದು, ಬಂದದ್ದು’ ಅಂತ ಮುಂದಕ್ಕೆ ತಂದಾಗ ವಾಕ್ಯದ ತೂಕವೆಲ್ಲ ಕೊನೆಯ ಪದದ ಮೇಲೆ ಬೀಳುತ್ತದೆ. ‘ಗಣಿಗೇ’, ‘ಇದೇ’, ‘ಆಗಲೇ’ ಅಂತ ಕೊನೆಗೆ ಒಂದು ಏ ಸೇರಿಸಿದರೂ ಹಾಗೇ. ಬರೆದವರು ಬೆರಳು ಮಾಡಿ ತೋರಿಸುತ್ತಿದ್ದಾರೆ ಅಂತ ಅರ್ಥ. ಆದರೆ ಇದೊಂದನ್ನೇ ನಂಬಿ ಕೂರಬೇಡಿ. ಮೇಲಿನ ಪ್ಯಾರಾದಲ್ಲಿ ಆರನೆಯ, ಏಳನೆಯ ವಾಕ್ಯಗಳೂ ಇದೇ ಅಚ್ಚಿನಲ್ಲಿವೆ, ನಾಲ್ಕನೆಯದರಲ್ಲೂ ಒಂದು ಏ ಇದೆ. ಗುರುತು ಸಿಕ್ಕಿದ ಮೇಲೆ ‘ಯಾಕೆ ಹಾಗೆ ಹೇಳ್ತೀರಿ?’ ಪ್ರಶ್ನೆಯಿಂದಲೇ ತೀರ್ಮಾನ ಮಾಡಿ.

ಇನ್ನು ಸಿಸ್ಯಾಟ್ ಆಯ್ಕೆಗಳ ವಿಚಾರ. ಅದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬರುವ ಪತ್ರಿಕೆ, ನೀವು ಇಂಗ್ಲಿಷಿನಲ್ಲೇ ಓದಬೇಕು, ಒಪ್ಪುತ್ತೇನೆ. ಆದರೆ ಯೋಚನೆ ಮಾಡುವ ಕ್ರಮ ಎರಡೂ ಭಾಷೆಯಲ್ಲಿ ಒಂದೇ. 80 ಪ್ರಶ್ನೆ, 200 ಅಂಕ, ಪಾಸಾಗಲು ಶೇ. 33 ಸಾಕು. ಆದರೆ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದಲ್ಲಿ ಮೂರನೇ ಒಂದು ಭಾಗ ಕಳೆಯುತ್ತಾರೆ, ಅದಕ್ಕೇ ಅಂದಾಜಿನ ಮೇಲೆ ಗುರುತು ಹಾಕುವುದು ದುಬಾರಿ. ನಮ್ಮ ಶಿವನಸಮುದ್ರದ ಪ್ಯಾರಾಕ್ಕೆ ಆಯ್ಕೆಗಳನ್ನು ಮಾಡುವವರು ಹೇಗೆ ಮಾಡುತ್ತಾರೆ ಊಹಿಸಿ. ‘ಇದು ದೇಶದ ಹಳೆಯ ಜಲವಿದ್ಯುತ್ ಕೇಂದ್ರಗಳಲ್ಲೊಂದು’ ಅಂತ ಒಂದು ಇಡುತ್ತಾರೆ. ಪ್ಯಾರಾದಲ್ಲಿದೆ, ನಿಜವೂ ಹೌದು, ಆದರೆ ಅದು ಒಪ್ಪಿಕೊಂಡು ದಾಟಿ ಹೋದ ಮಾತು. ‘ಬೆಂಗಳೂರಿಗೆ ದೀಪ 1905ರಲ್ಲಿ ಬಂತು’ ಅಂತ ಇನ್ನೊಂದು, ಅದು ಬರೀ ಆಧಾರ. ಮೂರನೆಯದು ಅಪಾಯದ್ದು: ‘ದೊಡ್ಡ ಯೋಜನೆಗಳಿಂದ ಹಳ್ಳಿಯವರಿಗೆ ಯಾವತ್ತೂ ಲಾಭವಾಗುವುದಿಲ್ಲ.’ ಓದಿದ ತಕ್ಷಣ ಮನಸ್ಸಿಗೆ ಹಿಡಿಸುತ್ತದೆ, ನಿಮ್ಮ ಸ್ವಂತ ಅಭಿಪ್ರಾಯವೂ ಅದೇ ಇರಬಹುದು. ಆದರೆ ಪ್ಯಾರಾ ಹೇಳಿದ್ದು ಒಂದು ಕೇಂದ್ರದ ಕಥೆ. ‘ಯಾವತ್ತೂ’ ಅನ್ನುವಷ್ಟು ದೂರಕ್ಕೆ ಅದು ಹೋಗಿಲ್ಲ. ‘ಯಾವತ್ತೂ, ಎಲ್ಲ, ಮಾತ್ರ, ಖಂಡಿತ’ ಇಂಥ ಪದ ಆಯ್ಕೆಯಲ್ಲಿ ಕಂಡರೆ ಪ್ಯಾರಾಕ್ಕೆ ವಾಪಸ್ ಹೋಗಿ ಅಷ್ಟು ಗಟ್ಟಿಯಾಗಿ ಅಲ್ಲಿ ಹೇಳಿದ್ದಾರಾ ಅಂತ ನೋಡಿ.

ಒಂದು ತಿಂಗಳು ದಿನಕ್ಕೆ ಎರಡೇ ಪ್ಯಾಸೇಜ್ ಮಾಡಿ. ಇಪ್ಪತ್ತು ಮಾಡಿ ಸುಸ್ತಾಗಬೇಡಿ. ಆಯ್ಕೆಗಳನ್ನು ಕೈಯಿಂದ ಮುಚ್ಚಿ, ಮುಖ್ಯ ಮಾತನ್ನು ನಿಮ್ಮ ಕನ್ನಡದಲ್ಲೇ, ಬೇಕಾದರೆ ಧಾರವಾಡದ ಕನ್ನಡದಲ್ಲೇ ಒಂದು ಸಾಲು ಬರೆಯಿರಿ. ಆಮೇಲೆ ಕೈ ತೆಗೆದು ಅದಕ್ಕೆ ಹತ್ತಿರದ ಆಯ್ಕೆ ಯಾವುದು ನೋಡಿ.

ಪ್ರಶ್ನೆ: ಅಕ್ಕಾ, ನನ್ನ ಮಗಳು ತುಮಕೂರಿನಲ್ಲಿ ಹತ್ತನೇ ಕ್ಲಾಸು. ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳಿದಾಗ ಶೀರ್ಷಿಕೆ ಕೊಡು ಅಂದರೆ ಒಂದು ವಾಕ್ಯ ಬರೆಯುತ್ತಾಳೆ, ಮುಖ್ಯ ವಿಚಾರ ಏನು ಅಂದರೆ ಒಂದು ಪದ ಬರೆಯುತ್ತಾಳೆ, ಸಾರಾಂಶ ಅಂದರೆ ಇಡೀ ಪ್ಯಾರಾ ಇಳಿಸುತ್ತಾಳೆ. ಮೂರಕ್ಕೂ ಏನು ವ್ಯತ್ಯಾಸ ಅಂತ ನನಗೂ ಸರಿಯಾಗಿ ಹೇಳಲು ಬರುತ್ತಿಲ್ಲ.

ಉತ್ತರ: ಶೀರ್ಷಿಕೆ ಅಂದರೆ ಹೆಸರು. ಮುಖ್ಯ ವಿಚಾರ ಅಂದರೆ ಆ ಹೆಸರಿನ ಬಗ್ಗೆ ಬರೆದವರು ಹೇಳಿದ ಒಂದು ಮಾತು. ಸಾರಾಂಶ ಅಂದರೆ ಆ ಮಾತು ಮತ್ತು ಅದಕ್ಕೆ ಕೊಟ್ಟ ಮುಖ್ಯ ಆಧಾರಗಳು, ಚಿಕ್ಕದಾಗಿ. ‘ಕೆರೆ’ ಅನ್ನುವುದು ಹೆಸರು. ‘ಕೆರೆ ಉಳಿಯಬೇಕಾದರೆ ಊರಿನವರಿಗೆ ಅದು ತಮ್ಮದು ಅನಿಸಬೇಕು’ ಅನ್ನುವುದು ಮಾತು. ಮಗಳಿಗೆ ಒಂದು ಸುಲಭದ ಗುರುತು ಹೇಳಿಕೊಡಿ. ಮುಖ್ಯ ವಿಚಾರದಲ್ಲಿ ಸಾಮಾನ್ಯವಾಗಿ ಒಂದು ಕ್ರಿಯಾಪದ ಇರುತ್ತದೆ. ಏನೋ ಆಗುತ್ತದೆ, ಆಗಬೇಕು, ಆಗಿಲ್ಲ, ಹೀಗಿದೆ. ಕ್ರಿಯಾಪದ ಇಲ್ಲದೆ ಸುಮ್ನೆ ‘ಕೆರೆಗಳ ಮಹತ್ವ’ ಅಂತ ಬರೆದರೆ ಅದು ಇನ್ನೂ ಶೀರ್ಷಿಕೆಯೇ.

ನಿಮ್ಮ ಮಗಳಿಗೆ ಇದು ಹೊಸದೇನೂ ಅಲ್ಲ. ಗಾದೆ ವಿಸ್ತರಿಸಿ ಬರೆಯುವುದನ್ನು ಅವಳು ಶಾಲೆಯಲ್ಲಿ ಎಷ್ಟು ಸಲ ಮಾಡಿಲ್ಲ! ‘ಕೈ ಕೆಸರಾದರೆ ಬಾಯಿ ಮೊಸರು’ ಅಂತ ಕೊಡುತ್ತಾರೆ. ಅಲ್ಲಿ ಮುಖ್ಯ ವಾಕ್ಯ ಮೊದಲೇ ಕೈಗೆ ಸಿಕ್ಕಿರುತ್ತದೆ, ಆಧಾರ, ಉದಾಹರಣೆ ಇವಳು ಕೂಡಿಸುತ್ತಾಳೆ. ಗದ್ಯಭಾಗದಲ್ಲಿ ಅದೇ ಕೆಲಸ ಉಲ್ಟಾ. ಆಧಾರಗಳು ಎದುರಿಗೆ ಇವೆ, ಗಾದೆಯನ್ನು ಇವಳು ಹುಡುಕಬೇಕು. ‘ಈ ಪ್ಯಾರಾ ಯಾವುದಾದರೂ ಗಾದೆಯ ವಿಸ್ತರಣೆ ಆಗಿದ್ದರೆ ಆ ಗಾದೆ ಏನಿರುತ್ತಿತ್ತು?’ ಅಂತ ಕೇಳಿ ನೋಡಿ. ನನ್ನ ಕ್ಲಾಸಿನಲ್ಲಿ ಈ ಪ್ರಶ್ನೆಗೆ ಹಿಂದಿನ ಬೆಂಚಿನ ಮಕ್ಕಳೂ ಕೈ ಎತ್ತುತ್ತಿದ್ದರು.

ಇನ್ನೊಂದು ಮಾತು. ಗಾದೆ ವಿಸ್ತರಣೆ ಅಂದ ತಕ್ಷಣ ಅರ್ಧಕ್ಕರ್ಧ ಮಕ್ಕಳು ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಅಂತಲೇ ಶುರುಮಾಡುತ್ತಾರೆ. ಯಾವ ಗಾದೆ ಕೊಟ್ಟರೂ ಅದೇ ಮೊದಲ ಸಾಲು. ಮಗಳ ಹಳೆಯ ನೋಟ್‌ಬುಕ್ ತೆಗೆದು ಆ ಸಾಲು ತೋರಿಸಿ. ಅವಳೇ ಬರೆದ ಪ್ಯಾರಾದಲ್ಲಿ ಮೊದಲ ವಾಕ್ಯ ಮುಖ್ಯ ವಾಕ್ಯ ಅಲ್ಲ ಅಂತ ಅವಳಿಗೇ ಕಾಣುತ್ತದೆ. ಆ ಸಾಲನ್ನು ತೆಗೆದು ಹಾಕಿದರೂ ಕೆಸರು ಮೊಸರಿನ ಮಾತಿಗೆ ಏನೂ ಆಗುವುದಿಲ್ಲ. ಬೇರೆಯವರು ಬರೆದ ಪ್ಯಾರಾಗಳಲ್ಲೂ ಇಂಥ ಬಾಗಿಲ ತೋರಣದ ವಾಕ್ಯ ಒಂದೆರಡು ಇರುತ್ತವೆ. ತೆಗೆದು ನೋಡುವ ಅಭ್ಯಾಸ ಆದರೆ ಸಾಕು.

ಪ್ರಶ್ನೆ: ನಾನು ದಾವಣಗೆರೆಯವನು. ಅಮೆರಿಕದಲ್ಲಿ ಸಾರ್ವಜನಿಕ ಆರೋಗ್ಯದಲ್ಲಿ ಮಾಸ್ಟರ್ಸ್ ಮಾಡುತ್ತಿದ್ದೇನೆ. ಪಾವಗಡದ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ಆರು ಪುಟ ಬರೆದು ಕೊಟ್ಟೆ. ಪ್ರೊಫೆಸರ್ ಮೊದಲ ಪುಟದ ಅಂಚಿನಲ್ಲಿ ‘ನಿನ್ನ ಥೀಸಿಸ್ ಎಲ್ಲಿ?’ ಅಂತ ಕೆಂಪು ಇಂಕಿನಲ್ಲಿ ಬರೆದಿದ್ದಾರೆ. ಥೀಸಿಸ್ ಅಂದರೆ ಪಿಎಚ್‌ಡಿಗೆ ಬರೆಯುವುದು ಅಂತ ತಿಳಿದಿದ್ದೆ. ನನ್ನ ಮುಖ್ಯ ಮಾತು ಕೊನೆಯ ಪುಟದಲ್ಲಿ ಇತ್ತು, ಅವರು ಅಲ್ಲಿಯವರೆಗೆ ಓದಲಿಲ್ಲವೋ ಏನೋ ಅನಿಸಿ ಬೇಜಾರಾಯಿತು.

ಉತ್ತರ: ಓದಿರುತ್ತಾರೆ. ಆದರೆ ಮೊದಲ ಪುಟದಲ್ಲಿ ಸಿಗಬೇಕಾದದ್ದು ಸಿಗದೆ ಉಳಿದ ಐದು ಪುಟ ಎಲ್ಲಿಗೆ ಹೋಗುತ್ತಿದ್ದೇವೆ ಅಂತ ತಿಳಿಯದೆ ಓದಿರುತ್ತಾರೆ.

ಮೊದಲು ಪದದ ಗೊಂದಲ ತೆಗೆಯೋಣ. ಥೀಸಿಸ್ ಗ್ರೀಕ್ ಪದ. ಇಡುವುದು, ಮುಂದಿಡುವುದು ಅಂತ ಅರ್ಥ. ಒಂದು ಮಾತನ್ನು ಸಭೆಯ ಮುಂದೆ ಇಡುವುದು. ಆ ಮಾತನ್ನು ಸಾಧಿಸಲು ಬರೆದ ದೊಡ್ಡ ಪ್ರಬಂಧಕ್ಕೂ ಅದೇ ಹೆಸರು ಅಂಟಿಕೊಂಡಿತು, ನಮ್ಮ ಕಡೆ ಆ ಅರ್ಥವೇ ಜಾಸ್ತಿ ಬಳಕೆಯಲ್ಲಿದೆ. ನಿಮ್ಮ ಪ್ರೊಫೆಸರ್ ಕೇಳಿದ್ದು ಹಳೆಯ ಅರ್ಥದ ಥೀಸಿಸ್. ಇಡೀ ಲೇಖನಕ್ಕೆ ಒಂದು ಥೀಸಿಸ್ ವಾಕ್ಯ ಇರುತ್ತದೆ, ಅಲ್ಲಿನ ಕಾಲೇಜುಗಳಲ್ಲಿ ಅದನ್ನು ಸಾಮಾನ್ಯವಾಗಿ ಮೊದಲ ಪ್ಯಾರಾದ ಕೊನೆಗೆ ಇಡಲು ಕಲಿಸುತ್ತಾರೆ. ಪ್ರತಿ ಪ್ಯಾರಾಕ್ಕೆ ಬೇರೆ ಒಂದು ಮುಖ್ಯ ವಾಕ್ಯ, ಅದಕ್ಕೆ ಟಾಪಿಕ್ ಸೆಂಟೆನ್ಸ್ ಅನ್ನುತ್ತಾರೆ. ಒಂದೇ ಪ್ಯಾರಾ ಇರುವ ಪರೀಕ್ಷೆಯ ಗದ್ಯಭಾಗದಲ್ಲಿ ಎರಡೂ ಒಂದೇ ಆಗಿಬಿಡುತ್ತದೆ. ಆರು ಪುಟದ ಲೇಖನದಲ್ಲಿ ಆಗುವುದಿಲ್ಲ.

ಕೊನೆಗೆ ಹೇಳುವುದು ನಮ್ಮ ರೂಢಿ, ಮೊದಲೇ ಹೇಳುವುದು ಅವರ ರೂಢಿ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಪೂರ್ತಿ ಸರಿ ಅನಿಸುವುದಿಲ್ಲ. ಕ್ರಿಯಾಪದ ಕೊನೆಗೆ ಬರುವ ಭಾಷೆ ನಮ್ಮದು, ಕೊನೆಯವರೆಗೆ ಕಾಯುವ ತಾಳ್ಮೆ ನಮಗೆ ರೂಢಿಯಾಗಿದೆ, ಅಷ್ಟು ನಿಜ. ಆದರೆ ನಮ್ಮ ನ್ಯಾಯಶಾಸ್ತ್ರದವರು, ಅಂದರೆ ಹಳೆಯ ಕಾಲದ ತರ್ಕಶಾಸ್ತ್ರದವರು, ವಾದಕ್ಕೆ ಐದು ಮೆಟ್ಟಿಲು ಹೇಳಿದರು. ಬೆಟ್ಟದಲ್ಲಿ ಬೆಂಕಿ ಇದೆ: ಇದು ಪ್ರತಿಜ್ಞೆ. ಯಾಕೆಂದರೆ ಹೊಗೆ ಕಾಣುತ್ತಿದೆ: ಇದು ಹೇತು. ಹೊಗೆ ಇರುವಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯ ಹಾಗೆ: ಉದಾಹರಣೆ. ಈ ಬೆಟ್ಟದಲ್ಲೂ ಅಂಥದ್ದೇ ಹೊಗೆ: ಉಪನಯ. ಹಾಗಾಗಿ ಇಲ್ಲಿ ಬೆಂಕಿ ಇದೆ: ನಿಗಮನ. ನೋಡಿ, ಪ್ರತಿಜ್ಞೆ ಎಲ್ಲಿದೆ? ಎಲ್ಲಕ್ಕಿಂತ ಮೊದಲು. ಕೊನೆಯ ನಿಗಮನ ಅದೇ ಮಾತು, ಈಗ ಆಧಾರ ಹೊತ್ತು ವಾಪಸ್ ಬಂದದ್ದು. ನಿಮ್ಮ ಪ್ರೊಫೆಸರ್ ಕೇಳುತ್ತಿರುವುದು ಪ್ರತಿಜ್ಞೆಯನ್ನು. ನೀವು ಬರೀ ನಿಗಮನ ಕೊಟ್ಟಿದ್ದೀರಿ.

ಇನ್ನೊಂದನ್ನೂ ನೋಡಿಕೊಳ್ಳಿ. ಕೊನೆಯ ಪುಟದಲ್ಲಿ ನೀವು ಬರೆದ ಮುಖ್ಯ ಮಾತು ಏನು ಅಂತ ಪತ್ರದಲ್ಲಿ ತಿಳಿಸಿಲ್ಲ. ‘ಪಾವಗಡದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದೆ’ ಅಂತಿದ್ದರೆ ಅದನ್ನು ಮೊದಲ ಪುಟಕ್ಕೆ ತಂದರೂ ಕೆಂಪು ಇಂಕು ಹೋಗುವುದಿಲ್ಲ. ಅದು ಅಳೆದು ನೋಡಿ ಹೇಳುವ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆ ಲೀಟರಿಗೆ 1.5 ಮಿಲಿಗ್ರಾಂ ಅಂತ ಗೆರೆ ಹಾಕಿದೆ, ಮೀಟರ್ ಇಟ್ಟು ನೋಡಿದರೆ ತಿಳಿಯುತ್ತದೆ, ಅದರ ಮೇಲೆ ವಾದ ಇಲ್ಲ. ‘ಊರಿಗೊಂದು ಶುದ್ಧ ನೀರಿನ ಘಟಕ ಕೂರಿಸಿದರೆ ಸಾಲದು, ಫಿಲ್ಟರ್ ಬದಲಿಸಿ ಅದನ್ನು ನಡೆಸಲು ಊರಲ್ಲೇ ಒಬ್ಬರಿಗೆ ಸಂಬಳದ ಕೆಲಸ ಕೊಡಬೇಕು’ ಅನ್ನಿ. ಈಗ ಯಾರೋ ಒಬ್ಬರು ‘ಯಾಕೆ? ಕಂಪನಿಗೇ ಗುತ್ತಿಗೆ ಕೊಟ್ಟರಾಗದಾ?’ ಅಂತ ಕೇಳಬಹುದು. ತಿಳಿದವರೊಬ್ಬರು ಎದ್ದು ನಿಂತು ಬೇಡ ಅನ್ನಲು ಜಾಗ ಇದ್ದರೆ ಅದು ಥೀಸಿಸ್. ನೀವು ಆ ಊರುಗಳ ನೀರು ಕುಡಿದು ಬೆಳೆದವರನ್ನು ಹತ್ತಿರದಿಂದ ನೋಡಿರುತ್ತೀರಿ, ಹಲ್ಲಿನ ಮೇಲಿನ ಕಂದು ಕಲೆ ನೋಡಿರುತ್ತೀರಿ. ಆ ಮಾತನ್ನು ಆರನೆಯ ಪುಟದವರೆಗೆ ತಡೆದು ಇಟ್ಟುಕೊಳ್ಳಬೇಡಿ.

ಪ್ರಶ್ನೆ: ತಂಗೀ, ನಾನು ನಿವೃತ್ತ. ಸಾಗರದಲ್ಲಿದ್ದೇನೆ. ಪತ್ರಿಕೆ, ಪ್ರಬಂಧ ದಿನಾ ಓದುತ್ತೇನೆ. ಎಷ್ಟೋ ಒಳ್ಳೆಯ ಪ್ಯಾರಾಗಳಲ್ಲಿ ಮುಖ್ಯ ವಾಕ್ಯ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಆದರೂ ಏನೋ ಹೇಳಿದ್ದಾರೆ ಅಂತ ಮನಸ್ಸಿಗೆ ತಟ್ಟುತ್ತದೆ. ಇದಕ್ಕೇನೆನ್ನುತ್ತೀರಿ?

ಉತ್ತರ: ನಿಮ್ಮ ಓದು ಸರಿಯಾಗಿದೆ ಸರ್. ಎಲ್ಲ ಪ್ಯಾರಾದಲ್ಲೂ ಮುಖ್ಯ ವಾಕ್ಯ ಬರೆದಿರಲೇಬೇಕು ಅಂತ ಇಲ್ಲ. ಮಾತು ಇರುತ್ತದೆ, ವಾಕ್ಯ ಇರುವುದಿಲ್ಲ. ಆಗ ಓದುವವರೇ ಆ ವಾಕ್ಯ ಕಟ್ಟಬೇಕು. ನನಗೆ ಈ ಭಾಗ ಬಹಳ ಇಷ್ಟ, ಅದಕ್ಕೇ ಒಂದು ಪ್ಯಾರಾ ಬರೆದೇ ತೋರಿಸುತ್ತೇನೆ:

‘ಹಳೇ ಮೈಸೂರಿನ ಹಳ್ಳಿಗಳಲ್ಲಿ ಗಟ್ಟಿ ನೆಲ ನೋಡಿ ಹಗೇವು ತೋಡುತ್ತಿದ್ದರು. ಬಾಯಿ ಒಬ್ಬ ಆಳು ಇಳಿಯುವಷ್ಟು ಕಿರಿದು, ಒಳಗೆ ಹೊಟ್ಟೆ ಅಗಲ. ಸುತ್ತ ಹುಲ್ಲು ಕೊಟ್ಟು ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮೇಲೆ ಮಣ್ಣು ಮುಚ್ಚುತ್ತಿದ್ದರು. ವರ್ಷಗಟ್ಟಲೆ ಇಟ್ಟರೂ ರಾಗಿ ಕೆಡುತ್ತಿರಲಿಲ್ಲ. ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಸಿ ಅದು ಆರುತ್ತದೆಯೇ ಎಂದು ನೋಡಿಯೇ ಇಳಿಯುತ್ತಿದ್ದರು. ಒಳ್ಳೆ ಮಳೆಯಾದ ವರ್ಷ ತುಂಬಿದ್ದನ್ನು ಮಳೆ ಕೈಕೊಟ್ಟ ವರ್ಷ ತೆಗೆಯುತ್ತಿದ್ದರು.’

ಇಲ್ಲಿ ‘ಯಾಕೆ ಹಾಗೆ ಹೇಳ್ತೀರಿ?’ ಅಂತ ಯಾವ ವಾಕ್ಯಕ್ಕೂ ಕೇಳಲು ಬರುವುದಿಲ್ಲ. ಎಲ್ಲವೂ ನಡೆದದ್ದನ್ನು ಹೇಳುವ ವಾಕ್ಯಗಳೇ. ಹಾಗಾದರೆ ನಾವೇ ಒಂದು ವಾಕ್ಯ ಕಟ್ಟಿ, ಅದರ ಕೆಳಗೆ ಏಳು ವಾಕ್ಯಗಳನ್ನೂ ಕೂರಿಸಿ ನೋಡೋಣ. ‘ರಾಗಿ ಒಳ್ಳೆಯ ಧಾನ್ಯ’ ಅನ್ನೋಣವಾ? ನಾಲ್ಕನೆಯ ವಾಕ್ಯ ಕೂತುಕೊಳ್ಳುತ್ತದೆ. ಆದರೆ ದೀಪ ಇಳಿಸಿ ನೋಡುವ ವಾಕ್ಯ ಹೊರಗೇ ಉಳಿಯುತ್ತದೆ, ರಾಗಿಯ ಗುಣಕ್ಕೂ ಅದಕ್ಕೂ ಸಂಬಂಧ ಇಲ್ಲ. ‘ಹಳ್ಳಿಯವರು ಜಾಣರಾಗಿದ್ದರು’ ಅಂದರೆ ದೀಪದ ವಾಕ್ಯ ಬಂತು, ಆದರೆ ಇದು ತೀರಾ ಅಗಲವಾಯಿತು, ಇದರ ಕೆಳಗೆ ಹಗೇವೇ ಬೇಕಾಗಿಲ್ಲ, ಏನು ಬೇಕಾದರೂ ಕೂರುತ್ತದೆ. ‘ಬರ ಬಂದೇ ಬರುತ್ತದೆ ಎಂದು ತಿಳಿದ ರೈತರು ಅದಕ್ಕೆ ಮೊದಲೇ ಅಚ್ಚುಕಟ್ಟಾದ ಏರ್ಪಾಡು ಮಾಡಿಕೊಂಡಿದ್ದರು’ ಅನ್ನಿ. ತೋಡುವುದು, ತುಂಬುವುದು, ಮುಚ್ಚುವುದು, ಕೆಡದೆ ಉಳಿಯುವುದು, ದೀಪದ ಎಚ್ಚರ, ಬರದ ವರ್ಷ ತೆಗೆಯುವುದು, ಎಲ್ಲವೂ ಕೂತವು. ಬೇರೆಯದಕ್ಕೆ ಜಾಗ ಉಳಿಯಲಿಲ್ಲ. ಇದು ಸರಿಯಾದ ಅಳತೆ.

ಕೊನೆಯ ವಾಕ್ಯ ಗಮನಿಸಿ. ಅದಿಲ್ಲದೆ ಹೋದರೆ ಇಡೀ ಪ್ಯಾರಾ ಬರೀ ಗುಂಡಿ ತೋಡುವ ವಿಧಾನ ಆಗುತ್ತಿತ್ತು. ಮುಖ್ಯ ವಾಕ್ಯ ಬರೆಯದೆ ಬಿಟ್ಟ ಬರಹಗಾರರು ಹೀಗೆ ಒಂದು ಕೀಲಿ ಎಲ್ಲೋ ಇಟ್ಟಿರುತ್ತಾರೆ. ನಿಮಗೆ ‘ಏನೋ ತಟ್ಟಿತು’ ಅನಿಸಿದ ಜಾಗಕ್ಕೆ ವಾಪಸ್ ಹೋಗಿ ನೋಡಿ, ಜಾಸ್ತಿ ಸಲ ಕೀಲಿ ಅಲ್ಲೇ ಇರುತ್ತದೆ.

ಸುದ್ದಿಯಲ್ಲಿ ಮಾತ್ರ ಇದನ್ನು ಹುಡುಕಬೇಡಿ. ಅಲ್ಲಿ ಮೊದಲ ಪ್ಯಾರಾದಲ್ಲಿ ನಡೆದದ್ದು ಇರುತ್ತದೆ, ವಾದ ಇರುವುದಿಲ್ಲ, ಇರಲೂಬಾರದು. ಸಂಪಾದಕೀಯದಲ್ಲಿ ಹುಡುಕಿ.

ಪ್ರಶ್ನೆ: ಹೈಲೈಟರ್ ಹಿಡಿದು ಓದಿದರೆ ಇಡೀ ಪುಟ ಹಳದಿ ಆಗುತ್ತದೆ. ಎಲ್ಲವೂ ಮುಖ್ಯ ಅನಿಸುತ್ತದೆ. ಏನು ಮಾಡಲಿ? (ಪಿಯುಸಿ ವಿದ್ಯಾರ್ಥಿನಿ, ಹಾಸನ)

ಉತ್ತರ: ಮೊದಲ ಓದಿಗೆ ಕೈಯಲ್ಲಿ ಏನೂ ಹಿಡಿಯಬೇಡಿ. ಪ್ಯಾರಾ ಮುಗಿದ ಮೇಲೆ ಪುಸ್ತಕ ಮುಚ್ಚಿ, ಪಕ್ಕದಲ್ಲಿ ಕೂತ ಗೆಳತಿಗೆ ಒಂದೇ ವಾಕ್ಯದಲ್ಲಿ ಹೇಳಿ. ಆಮೇಲೆ ಪುಸ್ತಕ ತೆರೆದು ಆ ಮಾತಿಗೆ ಹತ್ತಿರದ ವಾಕ್ಯಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಪ್ಯಾರಾಕ್ಕೆ ಒಂದೇ ಗೆರೆ. ಆಧಾರಗಳಿಗೆ ಅಂಚಿನಲ್ಲಿ ಒಂದು ಚುಕ್ಕಿ ಸಾಕು.

ಎಲ್ಲರಿಗೂ ಒಂದು ಪ್ಯಾರಾ ಕೊಟ್ಟು ಈ ತಿಂಗಳು ನಿಲ್ಲಿಸುತ್ತೇನೆ:

‘ಮೊದಲ ಮಹಾಯುದ್ಧ ಶುರುವಾದಾಗ ಮೈಸೂರು ಸಂಸ್ಥಾನದ ಶ್ರೀಗಂಧ ಯುರೋಪಿಗೆ ಹೋಗುವುದು ನಿಂತಿತು. ಗಂಧದ ಕೊರಡುಗಳು ಇಲ್ಲೇ ರಾಶಿ ಬಿದ್ದವು. 1916ರಲ್ಲಿ ನಮ್ಮಲ್ಲೇ ಗಂಧದ ಎಣ್ಣೆ ತೆಗೆಯಲು ಶುರುಮಾಡಿದರು. ಆಮೇಲೆ ಆ ಎಣ್ಣೆ ಹಾಕಿ ಸೋಪು ಮಾಡಿದರು. ಹೊರಗಿನ ಮಾರುಕಟ್ಟೆ ಮುಚ್ಚಿದ್ದರಿಂದಲೇ ನಮಗೊಂದು ಕಾರ್ಖಾನೆ ಸಿಕ್ಕಿತು ಎನ್ನಬೇಕು. ಇವತ್ತಿಗೂ ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿ ತೆರೆದರೆ ಬಚ್ಚಲುಮನೆ ಘಮ್ಮೆನ್ನುತ್ತದೆ.’

ಆರು ವಾಕ್ಯ. ಮುಖ್ಯ ವಾಕ್ಯ ಎಷ್ಟನೆಯದು, ಯಾವ ಯಾವ ವಾಕ್ಯಗಳು ಅದಕ್ಕೆ ದುಡಿಯುತ್ತಿವೆ, ಯಾವುದು ದುಡಿಯುತ್ತಿಲ್ಲ ಅಂತ ಒಂದು ಕಾರ್ಡಿನಲ್ಲಿ ಬರೆದು ಕಳಿಸಿ.